ಮಂಗಳದ ಗುಂಡಿ ಗುರುತಿಸಿದ ಮಕ್ಕಳೂ, ನಮ್ಮ ವಾಡಿ-ಶಹಾಬಾದಿನ ಖಣಿಗಳೂ

ಹೋದ ಬೇಸಿಗೆಯಲ್ಲಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಡ್ಯಾಂ ನೋಡಲು ಹೋಗಿದ್ದೆವು. ನೀರಿನ ದಂಡೆಗೆ ಕೂತು ಅಕ್ಕನ ಮಗಳಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಶಹಾಬಾದಿನ ಹುಡುಗಿ, ಒಂಬತ್ತನೇ ಕ್ಲಾಸು. ಬೂದು ನೆಲ, ನಡುವೆ ಕಪ್ಪನೆಯ ತೂತು.

"ಮಾಮಾ, ಇದು ನಮ್ ಕಡಿ ಖಣಿ ಅದ ಏನು?"

"ಅಲ್ಲವ್ವಾ, ಮಂಗಳ ಗ್ರಹ. ಇದನ್ನ ಹುಡುಕಿದವರು ನಿನಗಿಂತ ಸಣ್ಣವರು" ಅಂದೆ. ಆಕೆ ನಂಬಲಿಲ್ಲ, ನಕ್ಕಳು.

ಆದರೆ ಅದು ನಿಜ. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾಟನ್‌ವುಡ್ ಎಂಬ ಸಣ್ಣ ಊರಿನ ಏಳನೇ ಕ್ಲಾಸಿನ 16 ಮಕ್ಕಳು, ಮಂಗಳವನ್ನು ಸುತ್ತುತ್ತಿದ್ದ ಮಾರ್ಸ್ ಒಡಿಸ್ಸಿ ನೌಕೆಯ ಚಿತ್ರಗಳನ್ನು ಜಾಲಾಡಿದರು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಒಂದು ಕಾರ್ಯಕ್ರಮ ಶಾಲೆಗಳಿಗೆ ಆ ಅವಕಾಶ ಕೊಟ್ಟಿತ್ತು: ನಿಮ್ಮದೇ ಪ್ರಶ್ನೆ ಇಟ್ಟುಕೊಳ್ಳಿ, ಕ್ಯಾಮೆರಾ ಎಲ್ಲಿಗೆ ತಿರುಗಬೇಕು ಹೇಳಿ. ಮಕ್ಕಳು ಲಾವಾ ಹರಿದ ಸುರಂಗಗಳನ್ನು ಹುಡುಕುತ್ತಿದ್ದರು. ಪಾವೊನಿಸ್ ಮಾನ್ಸ್ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿ ಗವಿಯೊಂದರ ಚಾವಣಿ ಕುಸಿದು ಬಿದ್ದ ತೂತು ಸಿಕ್ಕಿತು. ವಿಜ್ಞಾನಿಗಳ ಅಂದಾಜಿನಲ್ಲಿ ಅದು ಸುಮಾರು 190 ಮೀಟರ್ ಉದ್ದ, 160 ಮೀಟರ್ ಅಗಲ, ಕನಿಷ್ಠ 115 ಮೀಟರ್ ಆಳ.

ಇಷ್ಟು ದೊಡ್ಡ ತೂತು ವಿಜ್ಞಾನಿಗಳಿಗೆ ಯಾಕೆ ಕಾಣಲಿಲ್ಲ? ದಡ್ಡರು ಅಂತಲ್ಲ, ಚಿತ್ರ ಲಕ್ಷಗಟ್ಟಲೆ, ಕಣ್ಣು ಕೆಲವೇ. ಮಂಗಳದ ಮೇಲಿರುವ ಅತಿ ಚೂಪು ಕಣ್ಣು ಹೈರೈಸ್ ಕ್ಯಾಮೆರಾ. ಒಂದು ಊಟದ ಟೇಬಲ್ಲಿನಷ್ಟು ಕಲ್ಲನ್ನೂ ಗುರುತಿಸುತ್ತೆ, ಆದರೆ ಒಮ್ಮೆಗೆ ಸುಮಾರು 6 ಕಿ.ಮೀ. ಅಗಲದ ಪಟ್ಟಿಯನ್ನಷ್ಟೇ ನೋಡುತ್ತೆ. ಎಲ್ಲಿ ನೋಡಬೇಕು ಅನ್ನೋದೇ ಪ್ರಶ್ನೆ. ಅದಕ್ಕೇ ಆ ತಂಡ 2010ರಲ್ಲಿ ಹೈವಿಶ್ ಅಂತ ಶುರು ಮಾಡಿ, ಯಾರು ಬೇಕಾದರೂ ಜಾಗ ಸೂಚಿಸಬಹುದು ಅಂದಿತು.

2013ರಲ್ಲಿ ಪ್ಲಾನೆಟ್ ಫೋರ್ ಬಂತು. ಚಳಿಗಾಲದಲ್ಲಿ ಮಂಗಳದ ದಕ್ಷಿಣ ಧ್ರುವದ ಮೇಲೆ ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟುತ್ತದೆ. ವಸಂತದ ಬಿಸಿಲು ಆ ಮಂಜನ್ನು ದಾಟಿ ಕೆಳಗಿನ ನೆಲ ಕಾಯಿಸುತ್ತದೆ. ತಳದಲ್ಲಿ ಅನಿಲ ತುಂಬಿ, ಒತ್ತಡ ತಡೆಯದೆ ಮಂಜು ಒಡೆದು ಧೂಳು ಚಿಮ್ಮುತ್ತದೆ. ಗಾಳಿ ಬೀಸಿದ ಕಡೆಗೆ ಧೂಳು ಬೀಸಣಿಕೆಯಂತೆ ಹರಡುತ್ತದೆ. ಅಂದರೆ ಆ ಕಪ್ಪು ಗುರುತುಗಳು ಮಂಗಳದ ಗಾಳಿಯ ದಿಕ್ಕು ಹೇಳುತ್ತವೆ. ಅವನ್ನು ಗೆರೆ ಹಾಕಿ ಗುರುತಿಸುವ ಕೆಲಸವನ್ನು ಜನಸಾಮಾನ್ಯರಿಗೆ ಬಿಟ್ಟರು. ತಪ್ಪು ಮಾಡಲ್ವಾ? ಮಾಡ್ತಾರೆ. ಒಂದೇ ಚಿತ್ರವನ್ನು ಹತ್ತಾರು ಜನ ಬೇರೆ ಬೇರೆಯಾಗಿ ನೋಡುತ್ತಾರೆ, ಒಬ್ಬರ ತಪ್ಪು ಗುಂಪಿನಲ್ಲಿ ಕರಗಿ ಹೋಗುತ್ತದೆ. ಇಂಜಿನಿಯರಿಂಗ್ ಓದುವಾಗ ಸರಾಸರಿ, ದೋಷ ಅಂತೆಲ್ಲ ಉರು ಹೊಡೆದಿದ್ದೆ. ಅದರ ಅರ್ಥ ನನಗೆ ಹೊಳೆದದ್ದು ಇಲ್ಲಿ.

ನಮ್ಮಲ್ಲಿ? ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿತು. ಅದರ ಬಣ್ಣದ ಕ್ಯಾಮೆರಾ ದೂರದಿಂದ ಇಡೀ ಗ್ರಹವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಿತು. ಎರಡು ವರ್ಷದ ಬಳಿಕ ಇಸ್ರೋ ಮೊದಲ ವರ್ಷದ ದತ್ತಾಂಶ ಬಿಡುಗಡೆ ಮಾಡಿತು. ಅದನ್ನು ಕಾಯುವ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಖಾತೆ ತೆರೆದರೆ ಡೌನ್‌ಲೋಡ್ ಆಗುತ್ತೆ, ಹಾಗಂತ ತೆರೆದು ನೋಡೋದು ಸುಲಭವಲ್ಲ. ಫೈಲು ವಿಜ್ಞಾನಿಗಳ ಮಾದರಿಯದ್ದು, ವಿವರಣೆ ಇಂಗ್ಲಿಷಿನದ್ದು. ಸೇಡಂನ ಸರ್ಕಾರಿ ಶಾಲೆಯ ಮೇಷ್ಟ್ರು ಅಲ್ಲೇ ನಿಲ್ಲುತ್ತಾರೆ. ಇಸ್ರೋ 2019ರಿಂದ ನಡೆಸುವ ಯುವಿಕಾ ಒಳ್ಳೆಯದೇ, ಆದರೆ ಅದು ಆಯ್ದ ಕೆಲವರನ್ನು ಕರೆದು ತೋರಿಸುವುದು. ಬಾಗಿಲು ತೆರೆದಿಡುವುದು ಬೇರೆ.

ಬಾಗಿಲು ತೆರೆದರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಚೆನ್ನೈನಲ್ಲೇ ಇದೆ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆಯಿತು. ನಾಸಾ ತನ್ನ ನೌಕೆ ತೆಗೆದ ಆ ಜಾಗದ ಚಿತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಮತ್ತು ಹೊಸ ಚಿತ್ರ ಪಕ್ಕಪಕ್ಕ ಇಟ್ಟು, ಮೊದಲು ಇಲ್ಲದ ಒಂದು ಬಿಳಿ ಚುಕ್ಕಿ ಹಿಡಿದರು. ಡಿಸೆಂಬರಿನಲ್ಲಿ ನಾಸಾ ಅವರ ಹೆಸರು ಹೇಳಿಯೇ ಒಪ್ಪಿಕೊಂಡಿತು. ನಮ್ಮ ಲ್ಯಾಂಡರ್, ನಮ್ಮವರ ಕಣ್ಣು, ಚಿತ್ರ ಮಾತ್ರ ಅವರದು.

ಈ ವಿದ್ಯೆ ಮಂಗಳಕ್ಕಷ್ಟೇ ಅಲ್ಲ. ಡ್ಯಾಮಿನಿಂದ ಮನೆಗೆ ಬಂದ ಮೇಲೆ ಇಸ್ರೋದ ಭುವನ್ ನಕ್ಷೆ ತೆರೆದು ವಾಡಿ, ಶಹಾಬಾದ್, ಚಿತ್ತಾಪುರ ತೋರಿಸಿದೆ. ಫರ್ಸಿ ಖಣಿಗಳು ಮೇಲಿಂದ ನೇರ ಅಂಚಿನ ಗುಂಡಿಗಳಂತೆ ಕಾಣುತ್ತವೆ, ಕೆಲವದರಲ್ಲಿ ಹಸಿರು ನೀರು. ಮೊದಲಿಗೆ ಆಕೆಗೆ ಗುಂಡಿ ಗುಡ್ಡದಂತೆ ಕಂಡಿತು. ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಅಂತ ಮೊದಲು ನೋಡು ಅಂದೆ: ಬಿಸಿಲು ಬಂದ ಕಡೆಯ ಅಂಚಿಗೇ ನೆರಳಿದ್ದರೆ ಅದು ತಗ್ಗು, ಎದುರು ಕಡೆ ಇದ್ದರೆ ದಿಬ್ಬ. ಮಂಗಳದ ಚಿತ್ರ ಓದುವವರು ಕಲಿಯುವ ಮೊದಲ ಪಾಠವೂ ಇದೇ.

ಸರ್ಕಾರಕ್ಕೆ ಇದು ಹೊಸದೇನಲ್ಲ. ಸಿಮೆಂಟಿನ ಸುಣ್ಣದಕಲ್ಲಿನಂಥ ಪ್ರಮುಖ ಖನಿಜಗಳ ಗುತ್ತಿಗೆಯ ಗಡಿಯಿಂದ 500 ಮೀಟರ್ ಆಚೆವರೆಗೆ ಅಕ್ರಮ ಅಗೆತ ನಡೆದಿದೆಯಾ ಅಂತ ಉಪಗ್ರಹ ಚಿತ್ರದಲ್ಲಿ ನೋಡುವ ವ್ಯವಸ್ಥೆಯನ್ನು ಕೇಂದ್ರ ಗಣಿ ಸಚಿವಾಲಯ 2016ರಲ್ಲೇ ತಂದಿದೆ. ಸುಣ್ಣದಕಲ್ಲಿನ ಮೇಲೆ ಕೂತಿರುವ ಸೇಡಂ, ವಾಡಿಯ ಮಕ್ಕಳಿಗೂ ಆ ಓದು ಬರಬೇಕು ಅನ್ನೋದು ನನ್ನ ವಾದ. ಗುಂಡಿ ಎಷ್ಟು ಬೆಳೆಯಿತು, ಚಂದ್ರಂಪಳ್ಳಿಯ ನೀರು ಮೇ ತಿಂಗಳಲ್ಲಿ ಎಷ್ಟು ಹಿಂದೆ ಸರಿಯಿತು ಅಂತ ಚಿತ್ರ ಇಟ್ಟು ಹೇಳಬಲ್ಲ ಹುಡುಗಿಯ ಮಾತನ್ನು ಗ್ರಾಮಸಭೆಯಲ್ಲಿ ತಳ್ಳಿಹಾಕೋದು ಕಷ್ಟ.

ದೊಡ್ಡ ಬಜೆಟ್ ಬೇಕಿಲ್ಲ. ಕನ್ನಡದಲ್ಲಿ ಇಪ್ಪತ್ತು ಪುಟದ ಕೈಪಿಡಿ, ಶಾಲೆಗೊಬ್ಬ ಮೇಷ್ಟ್ರಿಗೆ ಎರಡು ದಿನದ ತರಬೇತಿ, ಕಂಪ್ಯೂಟರ್ ರೂಮಿನ ಬೀಗ ತೆಗೆಯುವ ಮನಸ್ಸು. 371(ಜೆ) ಬಂದು ದಶಕ ದಾಟಿದ ಕಲ್ಯಾಣ ಕರ್ನಾಟಕದಲ್ಲಿ ಇದನ್ನು ಕೇಳೋದು ಅತಿಯಾಸೆ ಅಂತ ನನಗನ್ನಿಸಲ್ಲ. ಇಸ್ರೋ ತನ್ನ ಚಿತ್ರಗಳನ್ನು ಫೋನಿನಲ್ಲಿ ತೆರೆಯುವ ಹಾಗೆ ಕೊಟ್ಟರೆ ಇನ್ನೂ ಅರ್ಧ ಕೆಲಸ ಹಗುರ.

ಅಕ್ಕನ ಮಗಳು ಈಗ ಶಹಾಬಾದ್ ಸುತ್ತಲಿನ ಗುಂಡಿ ಎಣಿಸುತ್ತಿದ್ದಾಳೆ. ನಿನ್ನೆ ರಾತ್ರಿ ಫೋನು ಮಾಡಿದ್ದಳು: "ಮಾಮಾ, ನಲವತ್ತೊಂದು ಆದ್ವು. ಒಂದು ಮಾತ್ರ ಗುಡ್ಡನೋ ಗುಂಡಿನೋ ತಿಳೀವಲ್ದು."