ಕಡಿಯದ ಕಾಡಿಗೆ ಕೂಲಿ ಎಷ್ಟು?

ಮಕ್ಕಳೇ, ದ್ಯುತಿಸಂಶ್ಲೇಷಣೆಯ ಪಾಠ ಮಾಡುವಾಗ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಮರ ನೆಟ್ಟವರಿಗೆ ದುಡ್ಡು ಕೊಟ್ರೆ ಅರ್ಥ ಆಗ್ತದೆ. ಕಡಿಯದೆ ಸುಮ್ಮನೆ ಬಿಟ್ಟವರಿಗೂ ಕೊಡ್ತಾರಾ?"

ಕೊಡ್ತಾರೆ. ಗಯಾನಾ ದಕ್ಷಿಣ ಅಮೆರಿಕದ ಒಂದು ಸಣ್ಣ ದೇಶ. ಅದರ ನೆಲದಲ್ಲಿ ನೂರಕ್ಕೆ ಸುಮಾರು 85 ಪಾಲು ಕಾಡು. ಈ ಕಾಡನ್ನು ಉಳಿಸಿಕೊಂಡರೆ 2015ರೊಳಗೆ 25 ಕೋಟಿ ಡಾಲರ್‌ವರೆಗೆ ಕೊಡುತ್ತೇವೆ ಎಂದು ನಾರ್ವೆ ಸರಕಾರ 2009ರಲ್ಲಿ ಒಪ್ಪಂದ ಮಾಡಿಕೊಂಡಿತು. ಅಷ್ಟು ದೂರದ ಕಾಡಿನಿಂದ ನಾರ್ವೆಗೇನು ಲಾಭ? ಗಾಳಿಗೆ ಗಡಿ ಇಲ್ಲ. ಎಲ್ಲಿ ಮರ ಸುಟ್ಟರೂ ಕಾರ್ಬನ್ ಡೈಆಕ್ಸೈಡ್ ಇಡೀ ಭೂಮಿಯ ವಾತಾವರಣಕ್ಕೆ ಸೇರುತ್ತದೆ.

ಈಗ ಲೆಕ್ಕ ನೋಡೋಣ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಕಾರ್ಬನ್. ಒಂದು ಹೆಕ್ಟೇರ್ ಕಾಡಿನಲ್ಲಿ 100 ಟನ್ ಕಾರ್ಬನ್ ಇದೆ ಎಂದು ಒಪ್ಪಂದದಲ್ಲಿ ತಾತ್ಕಾಲಿಕವಾಗಿ ಹಿಡಿದುಕೊಂಡರು. ಕಾರ್ಬನ್ನಿನ ಪರಮಾಣು ರಾಶಿ 12, ಕಾರ್ಬನ್ ಡೈಆಕ್ಸೈಡಿನ ಅಣು ರಾಶಿ 44. ಹಾಗಾಗಿ 100 × 44 ÷ 12 = ಸುಮಾರು 367 ಟನ್ ಕಾರ್ಬನ್ ಡೈಆಕ್ಸೈಡ್. ಟನ್ನಿಗೆ 5 ಡಾಲರ್ ದರ. ಅಂದರೆ ಉಳಿದ ಒಂದು ಹೆಕ್ಟೇರಿಗೆ 1,835 ಡಾಲರ್.

ಕಷ್ಟ ಇರುವುದು "ಉಳಿದ" ಎಂಬ ಮಾತಿನಲ್ಲಿ. ಎಷ್ಟು ಕಡಿದರು ಅಂತ ಉಪಗ್ರಹದ ಚಿತ್ರ ಹೇಳುತ್ತದೆ. ಒಪ್ಪಂದ ಇಲ್ಲದಿದ್ದರೆ ಎಷ್ಟು ಕಡಿಯುತ್ತಿದ್ದರು ಎಂಬುದನ್ನು ಯಾವ ಉಪಗ್ರಹವೂ ತೋರಿಸದು. ಅದಕ್ಕೆ ಒಂದು ಹೋಲಿಕೆಯ ಗೆರೆ ಬೇಕು.

ಗಯಾನಾ ಮೊದಲಿನಿಂದಲೂ ಕಾಡು ಕಡಿದದ್ದು ಕಡಿಮೆ, ವರ್ಷಕ್ಕೆ ಸುಮಾರು ಶೇಕಡಾ 0.03. ಅದನ್ನೇ ಗೆರೆ ಮಾಡಿದರೆ ಇನ್ನು ಇಳಿಸಲಿಕ್ಕೆ ಏನೂ ಉಳಿಯುವುದಿಲ್ಲ. ಅಂಕ ಹೆಚ್ಚಿಸಿಕೊಂಡವರಿಗೆ ಮಾತ್ರ ಬಹುಮಾನ ಎಂದರೆ, ಯಾವಾಗಲೂ ಚೆನ್ನಾಗಿ ಓದುವವರಿಗೆ ಏನೂ ಸಿಗದಲ್ಲ, ಹಾಗೆ. ಆದ್ದರಿಂದ ಅಭಿವೃದ್ಧಿಶೀಲ ದೇಶಗಳ ಸರಾಸರಿ 0.52ನ್ನೂ ಸೇರಿಸಿ, ಎರಡರ ನಡುವಿನ 0.275ನ್ನು ಗೆರೆಯಾಗಿ ಎಳೆದರು.

ಆಮೇಲೆ ಏನಾಯಿತು? ಮುಖ್ಯವಾಗಿ ಚಿನ್ನದ ಗಣಿಗಳಿಂದಾಗಿ ಕಾಡು ಕಡಿಯುವುದು ಹಿಂದಿಗಿಂತ ಹೆಚ್ಚಾಯಿತು. ಆದರೂ ಅದು 0.1ಕ್ಕಿಂತ ಕೆಳಗೇ, ಅಂದರೆ ಗೆರೆಗಿಂತ ಬಹಳ ಕೆಳಗೆ ಇತ್ತು. ಹಾಗಾಗಿ ಹಣ ಬಂತು. ಕಡಿಯುವುದು ಹೆಚ್ಚಿದಷ್ಟೂ ಹಣ ಕಡಿತವಾಗುವ ಷರತ್ತನ್ನೂ ಸೇರಿಸಿದ್ದರು.

ಗೆರೆ ತೀರಾ ಮೇಲಿದ್ದರೆ ಹಣ ಕೈ ಬದಲಾಗುತ್ತದೆ, ಗಾಳಿ ಬದಲಾಗುವುದಿಲ್ಲ. ತೀರಾ ಕೆಳಗಿದ್ದರೆ ಕಾಡು ಕಾಯ್ದವರ ಕೈ ಖಾಲಿ. ಇಂಥ ಯೋಜನೆಯ ಸುದ್ದಿ ಓದಿದಾಗ "ಎಷ್ಟು ಟನ್ ಉಳಿಯಿತು?" ಎಂದಷ್ಟೇ ಕೇಳಬೇಡಿ. "ಯಾವುದಕ್ಕೆ ಹೋಲಿಸಿ?" ಅಂತಲೂ ಕೇಳಿ.

ನೀವೇ ಮಾಡಿ: ಗಯಾನಾಕ್ಕೆ 0.03, 0.275, 0.52 ಇವುಗಳಲ್ಲಿ ಯಾವ ಗೆರೆ ನ್ಯಾಯ? ತರಗತಿಯಲ್ಲಿ ಮೂರು ಗುಂಪಾಗಿ ವಾದ ಮಾಡಿ ನೋಡಿ.