ಬಿಚ್ಚಿ ಜೋಡಿಸುವ ಲ್ಯಾಪ್‌ಟಾಪ್, ಕೈಚೀಲದ ಕಿರುಗಣಕ: ಕನ್ನಡ ವಿದ್ಯಾರ್ಥಿಗೆ ಯಾವುದು ಒಳಿತು?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಈ ಭಾಗದ ಅನೇಕ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತಾಗಿದೆ. ಹಿರಿಯರ ಸೋಬಾನೆ ಪದ, ಮೊಹರಂ ಪದ, ಗಾದೆಗಳನ್ನು ವಿದ್ಯಾರ್ಥಿಗಳು ಧ್ವನಿಮುದ್ರಿಸಿ ಲಿಪ್ಯಂತರಿಸುವಾಗ ಅವುಗಳ ಏಕೈಕ ಪ್ರತಿ ಗಣಕದೊಳಗೇ ಇರುವುದುಂಟು. ಆದ್ದರಿಂದ ಯಾವ ಗಣಕವನ್ನು ಕೊಳ್ಳಬೇಕೆಂಬುದು ಕೇವಲ ಬೆಲೆಯ ವಿಚಾರವಲ್ಲ.

ಮಾರುಕಟ್ಟೆಯಲ್ಲಿ ಎರಡು ಬಗೆಯ ಯಂತ್ರಗಳು ಗಮನ ಸೆಳೆಯುತ್ತವೆ. ಒಂದು, ಬಿಡಿಭಾಗಗಳನ್ನು ಬದಲಾಯಿಸಬಹುದಾದ ಲ್ಯಾಪ್‌ಟಾಪ್. ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆ 2021ರಿಂದ ತಯಾರಿಸುತ್ತಿರುವ ಮಾದರಿಗಳಲ್ಲಿ ಬ್ಯಾಟರಿ, ಪರದೆ, ಕೀಲಿಮಣೆ ಮಾತ್ರವಲ್ಲದೆ ಮದರ್‌ಬೋರ್ಡನ್ನೂ ಬಳಕೆದಾರರೇ ಬದಲಾಯಿಸಬಹುದು. ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ನಿಲುಕುವುದು ಕಚೇರಿಗಳಲ್ಲಿ ಬಳಸಿ ಮಾರಿದ ಹಳೆಯ ಲ್ಯಾಪ್‌ಟಾಪ್. ಉದಾಹರಣೆಗೆ, 2018ರ ಥಿಂಕ್‌ಪ್ಯಾಡ್ ಟಿ480ರಲ್ಲಿ ರ್ಯಾಮ್‌ಗೆ ಎರಡು ಕಿಂಡಿಗಳಿವೆ; ಹಿಂಬದಿಯ ಬ್ಯಾಟರಿಯನ್ನು ಕೈಯಿಂದಲೇ ತೆಗೆದು ಹಾಕಬಹುದು. ಎರಡು, ಕೈಚೀಲದಲ್ಲಿ ಹಿಡಿಯುವ ಕಿರುಗಣಕ. 2017ರಲ್ಲಿ ಬಂದ ಜಿಪಿಡಿ ಪಾಕೆಟ್ ಇದಕ್ಕೆ ನಿದರ್ಶನ: ಏಳು ಇಂಚಿನ ಪರದೆ, ಸುಮಾರು ಅರ್ಧ ಕಿಲೋ ತೂಕ. ಅದರ 8 ಜಿಬಿ ರ್ಯಾಮ್ ಮತ್ತು 128 ಜಿಬಿ ಸಂಗ್ರಹ ಎರಡನ್ನೂ ಮದರ್‌ಬೋರ್ಡಿಗೇ ಬೆಸೆಯಲಾಗಿದೆ.

ಈ ಬೆಸುಗೆಯ ಪರಿಣಾಮವನ್ನು ಅರಿಯಬೇಕು. ಸಂಗ್ರಹ ಫಲಕ ಬೇರ್ಪಡುವಂತಿದ್ದರೆ, ಮದರ್‌ಬೋರ್ಡ್ ಸುಟ್ಟರೂ ಫಲಕವನ್ನು ತೆಗೆದು ಮತ್ತೊಂದು ಗಣಕಕ್ಕೆ ಜೋಡಿಸಿ ಕಡತಗಳನ್ನು ಪಡೆಯಬಹುದು. ಬೆಸೆದಿದ್ದರೆ ಮದರ್‌ಬೋರ್ಡಿನೊಡನೆ ಕಡತಗಳೂ ಹೋಗುವ ಅಪಾಯವಿದೆ. ಇತ್ತೀಚಿನ ಕೆಲವು ಕಿರುಗಣಕಗಳಲ್ಲಿ ಸಂಗ್ರಹವನ್ನು ಬದಲಾಯಿಸುವ ಸೌಲಭ್ಯವಿದ್ದರೂ ರ್ಯಾಮ್ ಸಾಮಾನ್ಯವಾಗಿ ಬೆಸೆದೇ ಇರುತ್ತದೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ, ಫಲಕ ಕೈಯಲ್ಲಿದ್ದರೂ ಮರುಪ್ರಾಪ್ತಿ ಕೀಲಿಯಿಲ್ಲದೆ ಕಡತಗಳು ತೆರೆಯವು. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು.

ಕನ್ನಡ ಬರೆಹಕ್ಕೆ ಸಂಬಂಧಿಸಿದ ತೊಡಕೂ ಒಂದಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಚ, ಟ, ಡ, ಯ ಅಕ್ಷರಗಳು ಕೀಲಿಮಣೆಯ ಬಲ ಅಂಚಿನ ವಿರಾಮಚಿಹ್ನೆಗಳ ಕೀಲಿಗಳ ಮೇಲಿವೆ. ಕಿರುಗಣಕಗಳಲ್ಲಿ ಕುಗ್ಗುವುದು ಅಥವಾ ಸ್ಥಾನ ಬದಲಿಸುವುದು ಹೆಚ್ಚಾಗಿ ಇವೇ ಕೀಲಿಗಳು. ಇಂಗ್ಲಿಷ್ ಬರೆಯುವವರಿಗೆ ಇದರಿಂದ ಅಷ್ಟು ತೊಂದರೆಯಾಗದು; ‘ಚಟುವಟಿಕೆ’ ಎಂದು ಬರೆಯುವ ಕನ್ನಡಿಗರ ಬೆರಳು ಮಾತ್ರ ಮತ್ತೆ ಮತ್ತೆ ತಡವರಿಸುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಬಳಸುವವರಿಗೆ ಈ ಕಷ್ಟ ಕಡಿಮೆ, ಏಕೆಂದರೆ ಅದರಲ್ಲಿ ಟ, ಡಗಳು ಎಡಬದಿಯ ಕೀಲಿಗಳಲ್ಲಿವೆ. ಪರದೆಯ ವಿಷಯದಲ್ಲಿಯೂ ವ್ಯತ್ಯಾಸವುಂಟು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಏಳು ಇಂಚಿನ ಪರದೆಯಲ್ಲಿ ಅಕ್ಷರವನ್ನು ಹಿಗ್ಗಿಸದೆ ಕರಡು ತಿದ್ದುವುದು ಕಣ್ಣಿಗೆ ಶ್ರಮ.

ಆದೋನಿ ಹತ್ತಿಯ ಪೇಟೆ. ನೂಲಿನೆಳೆ ಮತ್ತು ಬೇಸಿಗೆಯ ಧೂಳು ಫ್ಯಾನಿಗೆ ಸೇರಿದರೆ ಯಂತ್ರ ಕಾಯುತ್ತದೆ, ನಿಧಾನವಾಗುತ್ತದೆ. ತಿರುಪು ಬಿಚ್ಚಿ ತೆರೆಯಬಹುದಾದ ಲ್ಯಾಪ್‌ಟಾಪನ್ನು ಊರಿನ ರಿಪೇರಿ ಅಂಗಡಿಯಲ್ಲಿಯೇ ಶುಚಿಗೊಳಿಸಬಹುದು. ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆಯುವುದು ಸಹಜ. ಹೆಚ್ಚು ಮಾರಾಟವಾದ ಲ್ಯಾಪ್‌ಟಾಪಿಗೆ ಬದಲಿ ಬ್ಯಾಟರಿ ಸುಲಭವಾಗಿ ದೊರೆಯುತ್ತದೆ, ವಿರಳ ಮಾದರಿಯ ಕಿರುಗಣಕಕ್ಕೆ ಅದನ್ನು ಅರಸಬೇಕಾಗುತ್ತದೆ.

ಹಾಗೆಂದು ಕಿರುಗಣಕ ನಿರುಪಯುಕ್ತವಲ್ಲ. ಮನೆಯಲ್ಲಿ ಬೇರೊಂದು ಗಣಕವಿದ್ದು, ಕೌತಾಳಂ, ಹೊಳಗುಂದಿ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲಿ ತಿರುಗಿ ಟಿಪ್ಪಣಿ ಮಾಡುವವರಿಗೆ ಅದು ಹಗುರವಾದ ಸಂಗಾತಿ. ಪ್ರತಿದಿನದ ಕಡತಗಳನ್ನು ಅಂದೇ ಪೆನ್‌ಡ್ರೈವಿಗೆ ನಕಲಿಸುವ ರೂಢಿ ಅವರಿಗೆ ಅವಶ್ಯ.

ಒಂದೇ ಗಣಕವನ್ನು ಕೊಂಡು ಮೂರು ವರ್ಷದ ಪದವಿಯನ್ನೂ ಮುಂದಿನ ಓದನ್ನೂ ಅದರಲ್ಲಿಯೇ ಸಾಗಿಸಬೇಕಾದವರಿಗೆ ಬಿಚ್ಚಿ ಜೋಡಿಸುವ ಲ್ಯಾಪ್‌ಟಾಪೇ ಯೋಗ್ಯ. ಕೊಳ್ಳುವ ಮುನ್ನ ಅಂಗಡಿಯವರನ್ನು ನಾಲ್ಕು ಸಂಗತಿ ಕೇಳಬೇಕು: ರ್ಯಾಮ್‌ಗೆ ಬಿಡಿ ಕಿಂಡಿ ಇದೆಯೇ, ಸಂಗ್ರಹ ಫಲಕ ಬೇರ್ಪಡುವುದೇ, ಬದಲಿ ಬ್ಯಾಟರಿ ಎಲ್ಲಿ ಸಿಗುತ್ತದೆ, ಪ್ರೊಸೆಸರ್ ಯಾವ ತಲೆಮಾರಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಅದಕ್ಕಿಂತ ಹಳೆಯ ಯಂತ್ರ ಅಗ್ಗಕ್ಕೆ ದೊರೆತರೆ ಲಿನಕ್ಸ್ ಅಳವಡಿಸಬಹುದು. ಯುನಿಕೋಡ್ ಕನ್ನಡದ ಓದುಬರೆಹ ಅದರಲ್ಲಿಯೂ ಸರಾಗವಾಗಿ ನಡೆಯುತ್ತದೆ.