ಡಬ್ಬಿಯೊಳಗಿನ ಡಿಕಾಕ್ಷನ್

ಬನಶಂಕರಿಯ ಅಕ್ಕನ ಮನೆಯ ಅಡುಗೆಕಟ್ಟೆಯಲ್ಲಿ ಒಲೆಗೂ ಕಿಟಕಿಗೂ ನಡುವೆ ಎರಡು ಗೇಣು ಜಾಗ. ಮೊದಲು ಅಲ್ಲಿ ಮಿಕ್ಸಿ ಇತ್ತು. ಈಗ ಮಿಕ್ಸಿ ಉಗ್ರಾಣ ಸೇರಿದೆ. ಅದರ ಜಾಗದಲ್ಲಿ ಕಪ್ಪು ಬಣ್ಣದ ಸಣ್ಣ ಯಂತ್ರವೊಂದು ಕೂತಿದೆ. ಬೆನ್ನಿಗೆ ನೀರಿನ ತೊಟ್ಟಿ, ಮುಂದೆ ಬಾಗಿದ ಮೂತಿ, ನೆತ್ತಿಯ ಮೇಲೆ ಎತ್ತಿ ಇಳಿಸುವ ಹಿಡಿಕೆ, ಅದರ ಹಿಂದೆ ಎರಡು ಗುಂಡಿ. ಬೆಳಗ್ಗೆ ಆರಕ್ಕೆ ಭಾವ ಗುಂಡಿ ಒತ್ತಿದರೆ ದೀಪ ಮಿನುಗತೊಡಗುತ್ತದೆ. ಅರ್ಧ ನಿಮಿಷದಲ್ಲಿ ಮಿನುಗು ನಿಂತು ದೀಪ ಸ್ಥಿರವಾಗುತ್ತದೆ. ಇಷ್ಟು ಬೇಗ ಹೇಗೆಂದರೆ, ಇದರೊಳಗೆ ನೀರು ಕಾಯಿಸುವ ಪಾತ್ರೆಯೇ ಇಲ್ಲ. ಬಿಸಿಯಾದ ಲೋಹದ ಗಟ್ಟಿಯೊಂದರೊಳಗಿನ ಸಪೂರ ಕೊಳವೆಯಲ್ಲಿ ಹರಿಯುತ್ತ ಹರಿಯುತ್ತಲೇ ನೀರು ಕಾಯುತ್ತದೆ.

ಭಾವ ಹಿಡಿಕೆ ಎತ್ತಿ, ನೇರಳೆ ಬಣ್ಣದ ಕ್ಯಾಪ್ಸೂಲೊಂದನ್ನು ಒಳಗೆ ಬಿಟ್ಟು, ಹಿಡಿಕೆ ಇಳಿಸುತ್ತಾರೆ. ಒಳಗೆ ಏನೋ ಚುಚ್ಚಿಕೊಂಡದ್ದು ಕೈಗೆ ತಿಳಿಯುತ್ತದೆ. ಗುಂಡಿ ಒತ್ತಿದ ಕೂಡಲೇ ಪಂಪು ಗುಂಯ್‌ಗುಡುತ್ತದೆ. ಕೆಲವು ಕ್ಷಣ ಹನಿಯೂ ಇಲ್ಲ. ಸದ್ದು ಭಾರವಾಗುತ್ತದೆ, ಉಸಿರು ಕಟ್ಟಿ ತಳ್ಳುತ್ತಿರುವ ಸದ್ದು. ಆಮೇಲೆ ಮೂತಿಯ ತುದಿಯಲ್ಲಿ ಕಪ್ಪನೆಯ ಎರಡು ಹನಿ, ಮತ್ತೆರಡು, ಹಿಂದೆಯೇ ನೂಲಿನಷ್ಟು ತೆಳ್ಳಗಿನ ಧಾರೆ. ಮೊದಲು ಕಡುಗಂದು, ಬರಬರುತ್ತ ತಿಳಿಗಂದು. ಲೋಟದಲ್ಲಿ ಕೆನೆಬಣ್ಣದ ನೊರೆ ಏರಿ ನಿಲ್ಲುತ್ತದೆ. ಸದ್ದು ನಿಂತ ಮೇಲೆ ಪರಿಮಳ ಬಾಗಿಲು ದಾಟಿ ನಡುಮನೆಗೆ ಬರುತ್ತದೆ.

ಭಾವನ ತಾಯಿ ಲೋಟ ಬಗ್ಗಿಸಿ ನೋಡುತ್ತಾರೆ. "ಇಷ್ಟೇನೇನೋ? ಕಾಲು ಲೋಟವೂ ಆಗಲಿಲ್ಲವಲ್ಲೋ."

"ಇದು ಡಿಕಾಕ್ಷನ್ನು ಅಮ್ಮ. ಹಾಲು ಹಾಕೋದಿದೆ, ತಾಳು."

ಈ ಮಾತನ್ನು ಕ್ಯಾಪ್ಸೂಲ್ ಯಂತ್ರ ಕೊಂಡ ಪ್ರತಿ ಕನ್ನಡದ ಮನೆಯೂ ಮೊದಲ ದಿನವೇ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಂತ್ರದಿಂದ ಇಳಿಯುವ ಗಟ್ಟಿ ರಸವನ್ನು ಡಿಕಾಕ್ಷನ್ ಎಂದೇ ಭಾವಿಸಿ, ಅದಕ್ಕೆ ತಕ್ಕ ಹಾಲು, ಅದಕ್ಕೆ ತಕ್ಕ ಲೋಟ ಹಿಡಿದರೆ ನಮ್ಮ ನಾಲಗೆಗೆ ಒಪ್ಪುವ ಕಾಫಿ ಸಿಗುತ್ತದೆ. ಲೋಟ ತುಂಬಲಿ ಎಂದು ನೀರು ಹರಿಸುತ್ತ ಹೋದರೆ ಒಳ್ಳೆಯ ಪುಡಿಯೂ ಕೆಡುತ್ತದೆ.

ಏಕೆಂದು ತಿಳಿಯಲು ಒಂದು ಕ್ಯಾಪ್ಸೂಲನ್ನು ಕತ್ತರಿಯಿಂದ ಬಿಡಿಸಿ ಹಾಳೆಯ ಮೇಲೆ ಸುರಿದು ನೋಡಬೇಕು. ಗುಮ್ಮಟದಾಕಾರದ ಅಲ್ಯೂಮಿನಿಯಂ ಚಿಪ್ಪು, ಅಗಲ ಬಾಯಿಗೆ ಅಂಟಿಸಿದ ತೆಳು ಹಾಳೆ. ಲೋಹ ಕಾಫಿಗೆ ತಾಗದಂತೆ ಒಳಮೈಗೆ ಸಪೂರ ಲೇಪ. ಸುರಿದ ಪುಡಿ ಐದರಿಂದ ಆರು ಗ್ರಾಂ, ಅಷ್ಟೇ. ಬೆರಳ ನಡುವೆ ಉಜ್ಜಿದರೆ ನಮ್ಮ ಫಿಲ್ಟರ್ ಪುಡಿಗಿಂತ ನಯ. ಹುರಿದ ಕಾಫಿಯ ದೊಡ್ಡ ವೈರಿ ಗಾಳಿ. ಪುಡಿ ಮಾಡಿದ ಮೇಲಂತೂ ಅಂಗಡಿಯಿಂದ ತಂದ ಪೊಟ್ಟಣದ ಘಮ ದಿನದಿನಕ್ಕೆ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕ್ಯಾಪ್ಸೂಲಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಕಾರ್ಖಾನೆಯಲ್ಲಿ ಗಾಳಿ ತೆಗೆದು ಮುಚ್ಚಿದ ಪುಡಿ ತಿಂಗಳುಗಳ ಮೇಲೂ ಪರಿಮಳ ಉಳಿಸಿಕೊಂಡಿರುತ್ತದೆ. ಅಲ್ಯೂಮಿನಿಯಂ ಗಾಳಿ, ಬೆಳಕು, ತೇವ ಮೂರನ್ನೂ ತಡೆಯುತ್ತದೆ. ಪ್ಲಾಸ್ಟಿಕ್ಕಿನದೋ ಗೊಬ್ಬರವಾಗುವ ವಸ್ತುವಿನದೋ ಆದರೆ ಪ್ರತಿಯೊಂದಕ್ಕೂ ಹೊರಗೆ ಇನ್ನೊಂದು ಪೊಟ್ಟಣವಿದೆಯೇ ಎಂದು ಕೊಳ್ಳುವಾಗಲೇ ನೋಡುವುದು ಒಳ್ಳೆಯದು.

ಹಿಡಿಕೆ ಇಳಿಸಿದಾಗ ಗುಮ್ಮಟದ ಕಡೆ ಮೂರು ಮೊನೆಗಳು ಚುಚ್ಚುತ್ತವೆ. ಬಿಸಿನೀರು ಆ ತೂತುಗಳಿಂದ ನುಗ್ಗುತ್ತದೆ. ಆಚೆ ಬದಿಯ ಹಾಳೆಗೆ ತೂತಿಲ್ಲ. ಒತ್ತಡ ಏರುತ್ತ ಹಾಳೆ ಪೂರಿಯಂತೆ ಉಬ್ಬಿ, ಎದುರಿಗಿರುವ ಮೊನೆಮೊನೆಯ ತಟ್ಟೆಗೆ ಒತ್ತಿಕೊಂಡು ಅಲ್ಲಲ್ಲಿ ಹರಿಯುತ್ತದೆ. ಮೊದಲ ಹನಿ ಬರುವುದು ಆಗಲೇ. ಹನಿಯಿಲ್ಲದ ಆ ಕೆಲವು ಕ್ಷಣಗಳಲ್ಲಿ ಪುಡಿಯೆಲ್ಲ ನೆನೆದು ಒತ್ತಡಕ್ಕೆ ಸಿಕ್ಕಿರುತ್ತದೆ. ಪಂಪಿನ ಶಕ್ತಿ 19 ಬಾರ್ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಅದು ಪಂಪು ಮುಟ್ಟಬಲ್ಲ ಮೇಲಿನ ಮಿತಿ, ಪುಡಿಯ ಮೇಲೆ ಬೀಳುವುದು ಅದಕ್ಕಿಂತ ಕಡಿಮೆ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ನೀರು ತನ್ನ ತೂಕದಿಂದಲೇ ಇಳಿಯಬೇಕು, ಹಾಗಾಗಿ ಪುಡಿ ತರಿತರಿ, ಕಾಯುವಿಕೆ ದೀರ್ಘ. ಇಲ್ಲಿ ಒತ್ತಡವಿದೆ, ಹಾಗಾಗಿ ಪುಡಿ ನಯ, ಕೆಲಸ ಅರ್ಧ ನಿಮಿಷದೊಳಗೆ. ಹುರಿದ ಬೀಜದಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಎಣ್ಣೆಯಂಶದೊಂದಿಗೆ ಹೊರಬಂದು ನೊರೆಯಾಗುತ್ತದೆ.

ಈ ಉಪಾಯ ಹುಟ್ಟಿದ ಕಥೆಯಲ್ಲಿ ರೋಮ್ ನಗರದ ಒಂದು ಕಾಫಿ ಅಂಗಡಿಯೂ ಇದೆ. ಪ್ಯಾಂಥಿಯನ್ ಹತ್ತಿರದ ಸಣ್ಣ ಚೌಕದಲ್ಲಿ 1938ರಿಂದ ಇರುವ ಸಾಂತ್ ಎವುಸ್ತಾಕಿಯೊ. ನೆಸ್ಲೆಯ ಸ್ವಿಸ್ ಎಂಜಿನಿಯರ್ ಎರಿಕ್ ಫಾವ್ರ್ 1975ರಲ್ಲಿ ಅಲ್ಲಿಗೆ ಹೋದರು. ಅವರ ಹೆಂಡತಿ ಇಟಲಿಯವರು. ಒಳ್ಳೆಯ ಎಸ್ಪ್ರೆಸೊ ಎಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಹೊರಟ ಪ್ರಯಾಣ ಅದು. ಉಳಿದ ಅಂಗಡಿಗಳ ಮುಂದೆ ಇಲ್ಲದ ಸಾಲು ಇಲ್ಲಿ ಏಕೆ? ಇಲ್ಲಿನ ಕಾಫಿಗಾರ ಯಂತ್ರದ ಹಿಡಿಕೆಯನ್ನು ಒಂದೇ ಸಲ ಎಳೆದು ಬಿಡುವ ಬದಲು ಮತ್ತೆ ಮತ್ತೆ ಎಳೆಯುತ್ತಿದ್ದನಂತೆ. ಅದರಿಂದ ನೀರಿನೊಂದಿಗೆ ಗಾಳಿಯೂ ಒತ್ತಿಕೊಂಡು ಪುಡಿಯೊಳಗೆ ಹೋಗಿ ನೊರೆ ದಟ್ಟವಾಗುತ್ತಿತ್ತು. ಆ ಕೈಚಳಕವನ್ನು ಒಂದು ಮುಚ್ಚಿದ ಚಿಪ್ಪಿನೊಳಗೆ ಕೂಡಿಸಲು ಫಾವ್ರ್ ಹೊರಟರು. 1976ರಲ್ಲಿ ಪೇಟೆಂಟ್ ಆಯಿತು. ನೆಸ್ಪ್ರೆಸೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರಲು 1986ರವರೆಗೆ ಕಾಯಬೇಕಾಯಿತು. ಮೊದಲು ಕಚೇರಿಗಳಿಗೆ ಮಾರಿದರು, ಹೆಚ್ಚು ನಡೆಯಲಿಲ್ಲ. ಆಮೇಲೆ ಮನೆಗಳತ್ತ ತಿರುಗಿದರು. 2012ರ ಹೊತ್ತಿಗೆ ಮುಖ್ಯ ಪೇಟೆಂಟ್‌ಗಳ ಅವಧಿ ಮುಗಿಯುತ್ತ ಬಂದು, ಅದೇ ಅಳತೆಯ ಚಿಪ್ಪನ್ನು ಬೇರೆಯವರೂ ಮಾಡತೊಡಗಿದರು. ಇವತ್ತು ನಮ್ಮ ದೇಶದ ಸಣ್ಣ ಕಾಫಿ ಕಂಪನಿಗಳು ನಮ್ಮದೇ ತೋಟಗಳ ಬೀಜ ತುಂಬಿದ ಕ್ಯಾಪ್ಸೂಲ್ ಮಾರುತ್ತಿರುವುದು ಆ ಬಾಗಿಲು ತೆರೆದುಕೊಂಡದ್ದರಿಂದ.

ಎಲ್ಲ ಕ್ಯಾಪ್ಸೂಲೂ ಎಲ್ಲ ಯಂತ್ರಕ್ಕೆ ಆಗುವುದಿಲ್ಲ. ನಾನು ಹೇಳುತ್ತಿರುವುದು ನೆಸ್ಪ್ರೆಸೊದ ಹಳೆಯ, ಗುಮ್ಮಟದಾಕಾರದ ಬಗೆ. ಅದೇ ಕಂಪನಿಯ ವರ್ಟುವೊ ಬೇರೆ ಜಾತಿ: ಅಂಚಿನಲ್ಲಿರುವ ಬಾರ್‌ಕೋಡನ್ನು ಯಂತ್ರವೇ ಓದಿ, ಚಿಪ್ಪನ್ನು ನಿಮಿಷಕ್ಕೆ 7000 ಸುತ್ತಿನವರೆಗೂ ತಿರುಗಿಸಿ ರಸ ತೆಗೆಯುತ್ತದೆ. ಡೋಲ್ಚೆ ಗುಸ್ಟೊ, ಲವಾಟ್ಸಾ, ಅಮೆರಿಕದ ಕ್ಯೂರಿಗ್ ಇವೆಲ್ಲ ಒಂದಕ್ಕೊಂದು ಕೂಡದ ಅಳತೆಗಳು. ಭಾವನ ಯಂತ್ರ ಮಗ ಜರ್ಮನಿಯಿಂದ ತಂದದ್ದು. ಅಲ್ಲಿನ ವಿದ್ಯುತ್ತೂ ನಮ್ಮಂತೆ 230 ವೋಲ್ಟ್, ಪ್ಲಗ್ ಬದಲಿಸಿದರೆ ಸಾಕಾಯಿತು. ಅಮೆರಿಕದಿಂದ ಮಕ್ಕಳು ಪ್ರೀತಿಯಿಂದ ಹೊತ್ತು ತರುವ 120 ವೋಲ್ಟಿನ ಯಂತ್ರವನ್ನು ಇಲ್ಲಿ ನೇರ ಗೋಡೆಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ತರುವ ಮೊದಲು ಯಂತ್ರದ ತಳದಲ್ಲಿರುವ ಚೀಟಿ ಓದಿಸಿ.

ಇನ್ನು ಲೋಟದ ವಿಚಾರ. ಯಂತ್ರದಲ್ಲಿರುವ ಸಣ್ಣ ಗುಂಡಿ 40 ಮಿಲಿ ಲೀಟರ್ ಇಳಿಸುತ್ತದೆ, ದೊಡ್ಡ ಗುಂಡಿ 110. ಲೋಟ ತುಂಬಿಸುವ ಅಭ್ಯಾಸದ ನಮ್ಮ ಕೈ ದೊಡ್ಡ ಗುಂಡಿಗೇ ಹೋಗುತ್ತದೆ. ಆದರೆ ಪುಡಿ ಬಿಟ್ಟುಕೊಡುವುದರಲ್ಲಿ ಒಂದು ಕ್ರಮವಿದೆ: ಹುಳಿ, ಸಿಹಿ, ಪರಿಮಳ ಮೊದಲು ಬರುತ್ತವೆ; ಕಹಿ, ಒಗರು ಕೊನೆಗೆ. ಐದಾರು ಗ್ರಾಂ ಪುಡಿಯ ಮೂಲಕ ಅಷ್ಟೊಂದು ನೀರು ಹಾಯಿಸಿದರೆ ಕೊನೆಯ ಅರ್ಧದಲ್ಲಿ ಬರುವುದು ಆ ಒಗರೇ. ಫಿಲ್ಟರಿಗೆ ಎರಡನೆಯ ಸಲ, ಮೂರನೆಯ ಸಲ ನೀರು ಹಾಕಿ ಇಳಿಸಿದ ಡಿಕಾಕ್ಷನ್ನಿನ ರುಚಿ ಗೊತ್ತಿರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಉದ್ದ ಲೋಟಕ್ಕೆಂದೇ ಹದ ಮಾಡಿದ ಲುಂಗೊ ಕ್ಯಾಪ್ಸೂಲ್ ಬೇರೆಯೇ ಬರುತ್ತದೆ. ದೊಡ್ಡ ಗುಂಡಿ ಅದಕ್ಕೆ. ಕಪ್ಪು ಕಾಫಿ ತೆಳ್ಳಗೆ ಬೇಕೆನ್ನುವವರು 40 ಮಿಲಿ ಇಳಿಸಿಕೊಂಡು, ಬೇಕಾದಷ್ಟು ಬಿಸಿನೀರನ್ನು ಲೋಟಕ್ಕೆ ಹೊರಗಿನಿಂದ ಸೇರಿಸಲಿ.

ಭಾವ ಮಾಡುವ ಕ್ರಮ ನನಗೆ ಇಷ್ಟ. ಮೊದಲು ಕ್ಯಾಪ್ಸೂಲ್ ಹಾಕದೆ ಒಮ್ಮೆ ಗುಂಡಿ ಒತ್ತಿ ಬರೀ ಬಿಸಿನೀರನ್ನು ಸ್ಟೀಲ್ ಲೋಟಕ್ಕೆ ಬಿಡುತ್ತಾರೆ. ಯಂತ್ರದ ಮೂತಿಯೂ ಲೋಟವೂ ಒಟ್ಟಿಗೆ ಕಾಯುತ್ತವೆ. ತಣ್ಣನೆಯ ಸ್ಟೀಲಿಗೆ ಬಿದ್ದ ಇಷ್ಟೇ ಇಷ್ಟು ರಸದ ಬಿಸಿ ಆ ಕ್ಷಣವೇ ಆರುತ್ತದೆ. ನೀರು ಚೆಲ್ಲಿ, ಲೋಟದ ತಳಕ್ಕೆ ಅರ್ಧ ಚಮಚ ಸಕ್ಕರೆ. ಆಮೇಲೆ ಕ್ಯಾಪ್ಸೂಲ್. ಹಾಲಿನ ಕಾಫಿಗೆ ಅವರು 40 ಮಿಲಿಯನ್ನೂ ಪೂರ್ತಿ ಬಿಡುವುದಿಲ್ಲ. 25ರ ಆಸುಪಾಸಿಗೆ, ಧಾರೆ ತಿಳಿಗಂದಾಗುವ ಹೊತ್ತಿಗೆ ಗುಂಡಿ ಮತ್ತೊಮ್ಮೆ ಒತ್ತಿ ನಿಲ್ಲಿಸುತ್ತಾರೆ. ರಿಸ್ಟ್ರೆಟೊ ಎಂದು ಇಟಲಿಯವರು ಕುಡಿಯುವ ಅಳತೆ ಅದು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಅಂಚಿನಿಂದ ಏಳುತ್ತಿರುತ್ತದೆ. ನೀರು ಬೆರೆಸದ ಗಟ್ಟಿ ಹಾಲು, ಡಿಕಾಕ್ಷನ್ನಿನ ಮೂರರಷ್ಟು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಎತ್ತಿ ಹೊಯ್ದರೆ ಯಂತ್ರದ ನೊರೆ ಕರಗಿ ಹಾಲಿನ ನೊರೆ ಏಳುತ್ತದೆ. ಬಣ್ಣ ಸರಿಯಾಗಿ ನಮ್ಮ ಕಾಫಿಯ ಬಣ್ಣ. ಅಳತೆ ಮಾತ್ರ ಬೈಟು ಕಾಫಿಯದು; ದೊಡ್ಡ ಲೋಟ ಬೇಕಾದರೆ ಎರಡು ಕ್ಯಾಪ್ಸೂಲ್ ಹಾಕಲೇಬೇಕು.

ಕ್ಯಾಪ್ಸೂಲ್ ಕೊಳ್ಳುವಾಗ ಅದರ ಡಬ್ಬದ ಮೇಲಿನ ತೀವ್ರತೆಯ ಅಂಕಿಯನ್ನು ಕೆಫೀನಿನ ಲೆಕ್ಕವೆಂದು ಓದಬಾರದು. ಅದು ಹುರಿತ, ಕಹಿ, ದಪ್ಪ ಇವುಗಳ ಅಂದಾಜು. ಹಾಲಿಗೆ ದೊಡ್ಡ ಅಂಕಿಯವೇ ಸರಿ, ಅದರಲ್ಲೂ ರೊಬಸ್ಟಾ ಬೆರೆತವು. ಚಿಕೋರಿಗೆ ಒಗ್ಗಿದ ನಾಲಗೆಗೆ ಆ ಗಡಸು ಬೇಕಾಗುತ್ತದೆ. ತೆಳು ಹುರಿತದ ಅರೇಬಿಕಾ ಹಾಲಿನಲ್ಲಿ ಮುಳುಗಿ ಸುದ್ದಿಯಿಲ್ಲದೆ ಹೋಗುತ್ತದೆ.

ನೆಸ್ಪ್ರೆಸೊದ ಮಾಸ್ಟರ್ ಒರಿಜಿನ್ಸ್ ಸಾಲಿನಲ್ಲಿ ಇಂಡಿಯಾ ಎಂಬ ಹೆಸರಿನದೊಂದಿದೆ. ಅದರಲ್ಲಿ ದಕ್ಷಿಣ ಭಾರತದ ಮಾನ್ಸೂನ್ ರೊಬಸ್ಟಾ ಇದೆ. ಮಾನ್ಸೂನ್ ಕಾಫಿ ತಯಾರಾಗುವುದನ್ನು ನೋಡಲು ಮಳೆಗಾಲದಲ್ಲಿ ಮಂಗಳೂರಿನ ಕಡಲ ಬದಿಯ ಗೋದಾಮಿಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್, ಹೊರಗೆ ಸುರಿಯುವ ಮಳೆ, ನೈಋತ್ಯದ ಗಾಳಿ ಆಡುವಂತೆ ತೆರೆದಿಟ್ಟ ಬದಿಗಳು. ನೆಲದ ತುಂಬ ಗೇಣಿಗೂ ಕಡಿಮೆ ದಪ್ಪದಲ್ಲಿ ಹರಡಿದ ಬೀಜ, ಅದನ್ನು ಹರಗುತ್ತ ತಿರುವಿ ಹಾಕುವ ಕೆಲಸಗಾರರು. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಚೀಲಗಳ ನಡುವೆ ಗಾಳಿಗೆ ದಾರಿ ಬಿಟ್ಟು ಜೋಡಿಸುತ್ತಾರೆ. ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ವಾರಗಳು ಕಳೆದಂತೆ ಹಸಿರುಬೂದಿಯ ಬೀಜ ತೇವ ಹೀರಿ ಊದಿಕೊಂಡು ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ಇಳಿಯುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಯುರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ಬೀಜಕ್ಕೆ ಕಡಲ ಗಾಳಿಯಲ್ಲಿ ಇದು ತಾನಾಗಿ ಆಗುತ್ತಿತ್ತು. ಹಡಗು ವೇಗವಾದ ಮೇಲೆ ಆ ರುಚಿಗೆ ಒಗ್ಗಿದ್ದ ಗಿರಾಕಿಗಳಿಗಾಗಿ ದಡದಲ್ಲೇ ಮಾಡತೊಡಗಿದರು. ಆ ನೇರಳೆಯ, ಹೊನ್ನಿನ ಬಣ್ಣದ ಚಿಪ್ಪುಗಳ ಮೇಲೆ ಈ ಕೈಗಳ ಕುರುಹು ಕಾಣುವುದಿಲ್ಲ. ಫಿಲ್ಟರ್ ಪುಡಿ ಕೊಳ್ಳುವಾಗ ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು ಎಂದು ಅಂಗಡಿಯವರನ್ನು ಕೇಳುವ ನಾವು, ಕ್ಯಾಪ್ಸೂಲ್ ಕೊಳ್ಳುವಾಗಲೂ ಯಾವ ಸೀಮೆಯದು, ಯಾವಾಗ ಹುರಿದದ್ದು ಎಂದು ಕೇಳಬೇಕು.

ಯಂತ್ರದ ಆರೈಕೆ ದೊಡ್ಡದೇನಲ್ಲ. ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿಕೊಂಡು ಆ ಸಪೂರ ಕೊಳವೆ ಕಿರಿದಾಗುತ್ತದೆ. ಕಾವೇರಿ ನೀರನ್ನೋ ಶೋಧಿಸಿದ ನೀರನ್ನೋ ದಿನಾ ಹೊಸದಾಗಿ ತುಂಬಬೇಕು. ಖನಿಜವೆಲ್ಲ ತೆಗೆದ ನೀರಿನಲ್ಲಿ ಕಾಫಿ ಸಪ್ಪೆ. ಕೆಲವು ತಿಂಗಳಿಗೊಮ್ಮೆ ಸುಣ್ಣ ತೆಗೆಯುವ ದ್ರಾವಣ ಹರಿಸಬೇಕು, ವಿನೆಗರ್ ಬೇಡ. ಕಾಫಿ ಇಳಿದ ಕೂಡಲೇ ಖಾಲಿ ಚಿಪ್ಪನ್ನು ಕೆಳಗೆ ಬೀಳಿಸಿ, ಒಂದು ಸಲ ಬರೀ ನೀರು ಬಿಟ್ಟರೆ ಮರುದಿನದ ಲೋಟಕ್ಕೆ ಹಳಸಲು ವಾಸನೆ ಬರುವುದಿಲ್ಲ.

ದುಡ್ಡಿನ ಮಾತನ್ನೂ ಆಡಬೇಕು. ಒಂದು ಕ್ಯಾಪ್ಸೂಲಿಗೆ 40 ರೂಪಾಯಿ ಎಂದಿಟ್ಟುಕೊಂಡರೂ ಒಳಗಿನ ಐದೂವರೆ ಗ್ರಾಂ ಪುಡಿ ಕಿಲೋಗೆ ಏಳು ಸಾವಿರ ರೂಪಾಯಿ ದಾಟುತ್ತದೆ. ಹಾಗಾಗಿ ಹತ್ತು ಜನ ನೆಂಟರಿದ್ದಾಗ ಒಂದೊಂದೇ ಲೋಟ ಇಳಿಸುತ್ತ ನಿಲ್ಲುವುದರಲ್ಲಿ ಅರ್ಥವಿಲ್ಲ. ಅಕ್ಕ ಅಟ್ಟದಿಂದ ದೊಡ್ಡ ಫಿಲ್ಟರ್ ಇಳಿಸುತ್ತಾಳೆ. ಮನೆಯಲ್ಲಿ ಒಬ್ಬರೇ ಇರುವ ಮಧ್ಯಾಹ್ನ, ಡಿಕಾಕ್ಷನ್ ಮುಗಿದ ರಾತ್ರಿ, ಬೆಳಗಿನ ಬಸ್ಸಿಗೆ ಹೊರಡುವ ಗಡಿಬಿಡಿ ಇವು ಕ್ಯಾಪ್ಸೂಲಿನ ಹೊತ್ತು.

ಉಳಿದದ್ದು ಚಿಪ್ಪು. ಕ್ಯೂರಿಗ್ ಯಂತ್ರದ ಪ್ಲಾಸ್ಟಿಕ್ ಬಟ್ಟಲನ್ನು ರೂಪಿಸಿದ ಜಾನ್ ಸಿಲ್ವನ್ ಅವರೇ, ಜಗತ್ತಿನಲ್ಲಿ ಬಿದ್ದ ಕಸ ನೋಡಿ ತಮ್ಮ ಕೆಲಸದ ಬಗ್ಗೆ ಬೇಸರವಾಗುತ್ತದೆಂದು 2015ರಲ್ಲಿ ಹೇಳಿಕೊಂಡರು. ಮರುವರ್ಷ ಜರ್ಮನಿಯ ಹ್ಯಾಂಬರ್ಗ್ ನಗರ ಸರ್ಕಾರಿ ಹಣದಲ್ಲಿ ಕ್ಯಾಪ್ಸೂಲ್ ಕೊಳ್ಳುವುದನ್ನೇ ನಿಲ್ಲಿಸಿತು. ಅಲ್ಯೂಮಿನಿಯಂ ಮತ್ತೆ ಕರಗಿಸಲು, ಹೊಸದಾಗಿ ತಯಾರಿಸುವುದಕ್ಕೆ ಬೇಕಾದ ಶಕ್ತಿಯ ಶೇಕಡಾ 5ರಷ್ಟು ಸಾಕು. ಆದರೆ ಒದ್ದೆ ಚರಟ ತುಂಬಿದ ಸಣ್ಣ ಚಿಪ್ಪು ಕಸದ ರಾಶಿಯಲ್ಲಿ ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಬೇರ್ಪಡಿಸುವ ಕೆಲಸ ನಮ್ಮ ಮನೆಯಲ್ಲೇ ಆಗಬೇಕು. ಭಾವನ ತಾಯಿ ಅದನ್ನು ತಾವೇ ವಹಿಸಿಕೊಂಡಿದ್ದಾರೆ. ಚಿಪ್ಪುಗಳು ಒಂದು ದಿನ ಆರಿದ ಮೇಲೆ ಹರಿದ ಹಾಳೆಯನ್ನು ಚಾಕುವಿನ ಮೊನೆಯಿಂದ ಎಬ್ಬಿಸಿ, ಚರಟವನ್ನು ತರಗೆಲೆಯೊಂದಿಗೆ ಗೊಬ್ಬರದ ಮಡಕೆಗೆ ಕೆಡವಿ, ಚಿಪ್ಪು ತೊಳೆದು ಬಿಸಿಲಿಗಿಡುತ್ತಾರೆ. ಒಂದು ಚಿಪ್ಪು ತೂಗುವುದು ಸುಮಾರು ಒಂದು ಗ್ರಾಂ. ಕಿಲೋ ಆಗಲು ಸಾವಿರ ಬೇಕು, ಅಷ್ಟರವರೆಗೆ ಗುಜರಿಯವನು ತಿರುಗಿಯೂ ನೋಡುವುದಿಲ್ಲ. ಅದಕ್ಕೆಂದು ಮೇಲಿನ ಮಹಡಿಯ ಎರಡು ಮನೆಗಳವರೂ ತಮ್ಮ ಚಿಪ್ಪುಗಳನ್ನು ಇವರಲ್ಲಿಗೇ ತಂದುಕೊಡುತ್ತಾರೆ. ಚೀಲ ತುಂಬಿದಾಗ ಹಳೆಯ ಪಾತ್ರೆ, ತಂಪುಪಾನೀಯದ ಡಬ್ಬಿಗಳ ಜೊತೆ ಸೇರಿಸಿ ಅಲ್ಯೂಮಿನಿಯಂ ದರಕ್ಕೇ ತೂಕ ಹಾಕಿಸುತ್ತಾರೆ.